ಗಾಳಿಗೆ ಬಿದ್ದ ಹಲಸಿಗೆ ಬಟ್ಟಲಾಗುವ ಯೋಗ

ನಮ್ಮ ಹಾಳೆತಟ್ಟೆಗೆ ಅಮೆರಿಕ ಬಾಗಿಲು ಹಾಕಿದೆ. ಅದೇ ಅಮೆರಿಕದಲ್ಲಿ ಬಿರುಗಾಳಿಗೆ ಉರುಳಿದ ಮೇಪಲ್ ಮರ ಊಟದ ಮೇಜಿನ ಬಟ್ಟಲಾಗಿ ಮೆರೆಯುತ್ತದೆ. ಪುತ್ತೂರು, ಸುಳ್ಯ, ಕಡಬದಲ್ಲಿ ಒಳ್ಳೆಯ ಮರಕ್ಕೆ ಬರವಿಲ್ಲ, ಪಳಗಿದ ಕೈಗೂ ಬರವಿಲ್ಲ. ಬರ ಇರುವುದು ಒಂದಕ್ಕೇ: ಮರ ಒಣಗುವವರೆಗೆ ಕಾಯುವ ತಾಳ್ಮೆಗೆ!

ಜೂನ್ ಮೊದಲ ವಾರ. ರಾತ್ರಿಯಿಡೀ ಹೊಯ್ದ ಗಾಳಿಮಳೆ ಬೆಳಗಾಗುವಾಗ ಸ್ವಲ್ಪ ಹೊಳವಾಗಿದೆ. ಸುಳ್ಯದಿಂದ ಸುಬ್ರಹ್ಮಣ್ಯದ ಕಡೆ ಹೋಗುವ ದಾರಿಯಲ್ಲಿ ಬಸ್ಸು, ಪಿಕಪ್, ಬೈಕುಗಳು ಸಾಲಾಗಿ ನಿಂತಿವೆ. ರಸ್ತೆಗಡ್ಡ ಮಲಗಿದೆ, ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದಷ್ಟು ದಪ್ಪದ ಹಲಸಿನ ಮರ. ಎಳೆಗುಜ್ಜೆಗಳು ಚರಂಡಿಯಲ್ಲಿ ತೇಲುತ್ತಿವೆ. ಕರೆಂಟಿನ ಕಂಬ ಅರ್ಧ ಬಾಗಿದೆ.

ಯಾರೋ ಮೆಷಿನ್ ಗರಗಸ ತಂದರು. ಹಲ್ಲು ಒಳಗಿಳಿದಂತೆ ಒದ್ದೆ ಡಾಂಬರಿನ ಮೇಲೆ ಅರಸಿನ ಚೆಲ್ಲಿದ ಹಾಗೆ ಹಳದಿ ಹುಡಿ. ಗಾಳಿಯಲ್ಲೆಲ್ಲ ಹಲಸಿನ ಮೇಣದ ವಾಸನೆ. ಸ್ವಲ್ಪ ಹೊತ್ತಿನಲ್ಲೇ ದಾರಿ ಬಿಟ್ಟಿತು, ವಾಹನಗಳು ಹೊರಟವು. ಸೊಪ್ಪು ಆಡಿಗೆ, ಗೆಲ್ಲು ಒಲೆಗೆ, ನೆಟ್ಟಗಿನ ದಿಮ್ಮಿ ಮಿಲ್ಲಿಗೆ. ಕವಲೊಡೆದ ತುಂಡು, ಗಂಟುಗಂಟಾದ ಬುಡದ ತುಂಡು ಯಾರಿಗೂ ಬೇಡ. ಹಲಗೆ ಸಿಗದ ಮರ ಎಂದ ಮೇಲೆ ಅದರ ದಾರಿ ಬಚ್ಚಲ ಒಲೆಗೇ.

ಮರ ಕಡೆಯುವವರನ್ನು ಕೇಳಿದರೆ ಲೆಕ್ಕ ತಲೆಕೆಳಗಾಗುತ್ತದೆ. ಎರಡು ಕೊಂಬೆ ಸೇರುವಲ್ಲಿ ನಾರು ಹೆಣೆದುಕೊಂಡು ಗರಿಬಿಚ್ಚಿದ ಚಿತ್ತಾರ ಮೂಡಿರುತ್ತದೆ. ಬುಡದ ಗಂಟಿನಲ್ಲಿ ಸುಳಿಗಳಿರುತ್ತವೆ. ಬಾಗಿಲ ದಾರಂದಕ್ಕೆ ಬೇಡವಾದ ಈ ತುಂಡುಗಳಲ್ಲೇ ಚೆಂದದ ಬಟ್ಟಲುಗಳು ಅಡಗಿರುವುದು. ಅವನ್ನು ಹೊರಗೆ ತೆಗೆಯುವ ವಿದ್ಯೆ ನಮ್ಮ ಕಡೆ ಏಕೆ ಬೆಳೆಯಲಿಲ್ಲ ಎಂಬ ಪ್ರಶ್ನೆಗೆ ಈಗ ಹೊಸ ಜೀವ ಬಂದಿದೆ. ಅದಕ್ಕೆ ಕಾರಣ ಅಡಿಕೆ ಹಾಳೆ.

ಹಾಳೆಗೆ ಬಿದ್ದ ಪೆಟ್ಟು

ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಹಾಳೆ ಎಂದರೆ ಬಿಟ್ಟಿ ಸಿಗುವ ಸಂಪತ್ತು. ಒಂದು ಅಡಿಕೆ ಮರ ವರ್ಷಕ್ಕೆ ಐದಾರು ಸೋಗೆ ಉದುರಿಸುತ್ತದೆ. ಹಿಂದೆ ಅದರ ಹಾಳೆಯಿಂದ ತಲೆಗೆ ಮುಟ್ಟಾಳೆ, ಗಾಳಿಗೆ ಬೀಸಾಳೆ, ತೋಟಕ್ಕೆ ನೀರು ಚಿಮ್ಮುವ ಚಿಳ್ಳಿ ಎಲ್ಲ ಆಗುತ್ತಿದ್ದವು. ಆಮೇಲೆ ಬಂತು ಬಿಸಿ ಅಚ್ಚಿನ ಯಂತ್ರ. ಒಣಹಾಳೆಯನ್ನು ನೀರಲ್ಲಿ ನೆನೆಸಿ, ಉಜ್ಜಿ ತೊಳೆದು, ನೀರು ಬಸಿದು, ಕಾದ ಅಚ್ಚಿನ ನಡುವೆ ಒತ್ತಿದರೆ ಒಂದು ತಟ್ಟೆ. ಅಂಟಿಲ್ಲ, ಬಣ್ಣವಿಲ್ಲ. ಮದುವೆ ಮಂಟಪದಿಂದ ಹಡಗು ಹತ್ತುವವರೆಗೆ ಹಾಳೆತಟ್ಟೆ ನಡೆದುಬಿಟ್ಟಿತು.

2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಹಾಳೆಯ ತಟ್ಟೆ-ಬಟ್ಟಲುಗಳ ಮೇಲೆ ಆಮದು ಎಚ್ಚರಿಕೆ ಹೊರಡಿಸಿತು. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಸಸ್ಯಕ್ಷಾರಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದು ಎಂಬುದು ಅವರ ವಾದ. ತಲೆಮಾರುಗಳಿಂದ ಹಾಳೆಯಲ್ಲಿ ಉಂಡವರಿಗೆ ಇದು ನುಂಗಲಾರದ ಮಾತು. ಸರಿಯೋ ತಪ್ಪೋ, ಪೆಟ್ಟಂತೂ ಬಿತ್ತು.

ಇದರಿಂದ ಒಂದು ಪಾಠವಂತೂ ಸಿಕ್ಕಿತು: ಒಂದೇ ಗಿಡ, ಒಂದೇ ಯಂತ್ರ, ಒಂದೇ ದೂರದ ಮಾರುಕಟ್ಟೆ ನಂಬಿ ಕೂರಬಾರದು. ಊಟದ ಪಾತ್ರೆಗೆ ಈ ನೆಲ ಹಾಳೆಯೊಂದನ್ನೇ ಕೊಟ್ಟದ್ದಲ್ಲ. ಅದಕ್ಕಿಂತ ಹಳೆಯ, ಗಟ್ಟಿಯ ಪಾತ್ರೆಯೊಂದು ನಮ್ಮ ಅಟ್ಟದಲ್ಲಿ ಧೂಳು ತಿನ್ನುತ್ತಿದೆ.

ಮರಿಗೆ ಇದ್ದ ಅಡುಗೆಮನೆ

ಹಳೆಯ ತರವಾಡು ಮನೆಗಳಲ್ಲಿ, ದೊಡ್ಡ ಕೃಷಿಕರ ಮನೆಗಳಲ್ಲಿ ಮರಿಗೆ ಇಲ್ಲದ ಅಡುಗೆಮನೆ ಇರಲಿಲ್ಲ. ಒಂದೇ ಮರದ ತುಂಡನ್ನು ಕೊಡಲಿ, ಬಾಚಿ, ಉಳಿಯಲ್ಲಿ ಕೊರೆದು ಮಾಡಿದ ಪಾತ್ರೆ. ಎರಡೂ ತುದಿಯಲ್ಲಿ ಹಿಡಿಯಲು ಕಿವಿ. ಮದುವೆ-ಮುಂಜಿಯಂಥ ಜಂಬರದ ದಿನ ಅನ್ನ ಬಸಿದು ಹಾಕಲು ದೊಡ್ಡದು. ಒಲೆಯ ಪಕ್ಕ ಉಪ್ಪು ಇಡಲು ಚಿಕ್ಕದು.

ಉಪ್ಪಿಗೆ ಮರ ಏಕೆ? ಮಳೆಗಾಲದಲ್ಲಿ ಉಪ್ಪು ಗಾಳಿಯ ಪಸೆ ಹೀರಿ ನೀರಾಗುತ್ತದೆ. ಮರ ಆ ನೀರನ್ನು ತಾನು ಕುಡಿದು, ಒಲೆಯ ಬಿಸಿಗೆ ಮತ್ತೆ ಬಿಟ್ಟುಕೊಡುತ್ತದೆ. ಹಿತ್ತಾಳೆ, ತಾಮ್ರಕ್ಕೆ ಉಪ್ಪು-ಹುಳಿ ತಾಗಿದರೆ ಕಿಲುಬು. ಕಲಾಯಿ ಹಾಕಿಸದೆ ಹುಳಿ ಪದಾರ್ಥ ಇಡುವಂತಿರಲಿಲ್ಲ. ಮರಕ್ಕೆ ಆ ಗೋಳೇ ಇಲ್ಲ.

ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕಿನ ವಸ್ತುಸಂಗ್ರಹಾಲಯವಿದೆ. ಧರ್ಮಸ್ಥಳದಲ್ಲಿ ಮಂಜೂಷಾ ಇದೆ. ಹಳೆಯ ಮನೆಬಳಕೆಯ ಸಾಮಾನುಗಳನ್ನು ಈಗ ಮಕ್ಕಳಿಗೆ ತೋರಿಸಲು ಇಂಥ ಕಡೆಗೇ ಕರೆದೊಯ್ಯಬೇಕು. ಸ್ಟೀಲು ಬಂತು, ಅಲ್ಯೂಮಿನಿಯಂ ಬಂತು, ಪ್ಲಾಸ್ಟಿಕ್ ಬಂತು. ಮರಿಗೆ ಅಟ್ಟ ಹತ್ತಿತು. ಕರಟದ ಸೌಟು ಮಾತ್ರ ಅಲ್ಲಲ್ಲಿ ಉಳಿದುಕೊಂಡಿತು.

ಹಳೆಯ ಉದ್ದುದ್ದ ಮರಿಗೆಯೊಂದನ್ನು ಹತ್ತಿರದಿಂದ ನೋಡಿದರೆ ಆಚಾರಿಗಳ ಬುದ್ಧಿವಂತಿಕೆ ಕಾಣುತ್ತದೆ. ನಾರು ಉದ್ದಕ್ಕೆ ಓಡುತ್ತದೆ, ಪಾತ್ರೆಯೂ ಉದ್ದಕ್ಕೆ ಚಾಚಿದೆ. ಮರ ಒಣಗುವಾಗ ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲದಲ್ಲಿ ಮಾತ್ರ ಕುಗ್ಗುತ್ತದೆ. ಉದ್ದುದ್ದ ಪಾತ್ರೆ ಅಗಲದಲ್ಲಿ ತುಸು ಇಳಿದರೆ ಯಾರ ಕಣ್ಣಿಗೂ ಬೀಳದು. ಗುಂಡಗಿನ ಬಟ್ಟಲಾದರೆ ಗುಟ್ಟು ಬಯಲು. ಅಲ್ಲಿಂದಲೇ ಕಡೆಯುವವರ ಪಾಡು ಶುರು.

ತಿರುಗುವ ಮರ, ನಿಲ್ಲುವ ಉಳಿ

ಬಡಗಿಯ ಬಹುಪಾಲು ಕೆಲಸಗಳಲ್ಲಿ ಮರ ನಿಂತಿರುತ್ತದೆ, ಹತಾರು ಓಡುತ್ತದೆ. ಲೇತಿನಲ್ಲಿ ಇದು ಅದಲುಬದಲು. ಮರ ಗರಗರ ತಿರುಗುತ್ತದೆ; ಉಳಿ ಕಬ್ಬಿಣದ ಆಸರೆಯ ಮೇಲೆ ಒರಗಿ ನಿಲ್ಲುತ್ತದೆ.

ಪುತ್ತೂರು, ಸುಳ್ಯದ ಪೀಠೋಪಕರಣದ ಶೆಡ್ಡುಗಳಿಗೆ ಲೇತು ಹೊಸತೇನಲ್ಲ. ಮಂಚದ ಕಾಲು, ತೊಟ್ಟಿಲ ಕಂಬಿ, ಮೆಟ್ಟಿಲ ಕೈಹಿಡಿಯ ಗೂಟಗಳು ಅಲ್ಲೇ ತಯಾರಾಗುವುದು. ತೆಂಕುತಿಟ್ಟಿನ ಯಕ್ಷಗಾನದ ಸೀಮೆ ಇದು. ಚೆಂಡೆ, ಮದ್ದಳೆಯ ಒಡಲಿಗೆ ಹಲಸನ್ನು ಟೊಳ್ಳು ತೆಗೆಯುವ ಕಲೆಯೂ ಕರಾವಳಿಗೆ ಪರಕೀಯವಲ್ಲ.

ಆದರೆ ಮಂಚದ ಕಾಲಿಗೂ ಬಟ್ಟಲಿಗೂ ದೊಡ್ಡ ವ್ಯತ್ಯಾಸವಿದೆ. ಕಾಲು ಕಡೆಯುವಾಗ ನಾರು ಲೇತಿನ ಉದ್ದಕ್ಕೆ ಮಲಗಿರುತ್ತದೆ, ಉಳಿ ಹೊರಮೈಯನ್ನಷ್ಟೇ ಸವರುತ್ತದೆ. ಬಟ್ಟಲಲ್ಲಿ ನಾರು ಅಡ್ಡಕ್ಕೆ. ಒಂದು ಸುತ್ತಿನಲ್ಲಿ ಎರಡು ಸಲ ನಾರಿನ ತುದಿ ಉಳಿಗೆ ಎದುರಾಗುತ್ತದೆ, ಎರಡು ಸಲ ಪಕ್ಕ ಸಿಗುತ್ತದೆ. ಚಪ್ಪಟೆ ಉಳಿ ಹಿಡಿದರೆ ಮರ ಕಚ್ಚಿ ಎಳೆದು, ಉಳಿಯನ್ನೇ ಕೈಯಿಂದ ಕಿತ್ತೀತು. ಅದಕ್ಕೆ ನಡುವೆ ಕಾಲುವೆಯಂತೆ ತಗ್ಗಿರುವ ಗುಂಡುಬಾಯಿಯ ಉಳಿ ಬೇಕು. ಉಳಿಯ ಇಳಿಜಾರು ಮೈ ಮೊದಲು ಮರವನ್ನು ಸವರಬೇಕು, ಬಾಯಿ ಆಮೇಲೆ ತಾಗಬೇಕು. ಕೈಗೆ ಹಿಡಿತ ಬಂದ ದಿನ ಹಸಿ ಹಲಸಿನ ಹೆರೆಗಳು ಹುಡಿಯಾಗದೆ, ಉದ್ದುದ್ದ ರಿಬ್ಬನ್ನಾಗಿ ಭುಜ ದಾಟಿ ಹಾರುತ್ತವೆ.

ರಾಜ್ಯದಲ್ಲಿ ಮರ ಕಡೆಯುವ ಕಸುಬಿಗೆ ಹೆಸರಾದ ಊರು ಚನ್ನಪಟ್ಟಣ. ಅಲ್ಲಿನ ಮರ ಹಾಲೆ: ಬಿಳಿ, ನಯ, ನಾರೇ ಕಾಣದಷ್ಟು ಒತ್ತು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಆ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಅಲ್ಲಿ ಬಣ್ಣಕ್ಕೆ ಮರ್ಯಾದೆ. ಬಟ್ಟಲಿನ ಲೋಕದಲ್ಲಿ ಮರ್ಯಾದೆ ಮರದ ಸ್ವಂತ ಮೈಬಣ್ಣಕ್ಕೆ. ಅದಕ್ಕೆ ಹಲಸು, ಹೆಬ್ಬಲಸು ಬೆಳೆಯುವ ಊರೇ ಬೇಕು.

ಯಾವ ಮರಕ್ಕೆ ಯಾವ ಕೆಲಸ?

● ಹಲಸು: ಕಡಿದಾಗ ಹಳದಿ, ಬೆಳಕು ತಾಗುತ್ತ ಜೇನುಬಣ್ಣ, ವರ್ಷಗಳು ಕಳೆದರೆ ಕಂದು. ಗೆದ್ದಲಿಗೆ ಬೇಗ ಬಗ್ಗದು. ಇದರ ಚೇಗಿನ ಹಳದಿಯಿಂದಲೇ ಬರ್ಮಾ, ಥಾಯ್ಲೆಂಡಿನ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಹಾಕುತ್ತಿದ್ದರು. ಬಟ್ಟಲು, ತಟ್ಟೆ ಎರಡಕ್ಕೂ ಒಳ್ಳೆಯದು.

● ಹೆಬ್ಬಲಸು: ತುಳುವಿನಲ್ಲಿ ಪೆಜ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯದ ಮರ. ದೋಣಿಗೆ ಹೆಸರಾದದ್ದು, ನೀರಿಗೆ ಅಂಜದು.

● ಮಾವು: ಬಿಳುಚು, ಹಗುರ, ಹುಳ ಬೇಗ ಹಿಡಿಯುತ್ತದೆ. ಮಳೆಯಲ್ಲಿ ಬಿದ್ದು ಕೆಲ ವಾರವಾದರೆ ಬೂಷ್ಟು ಒಳಹೊಕ್ಕು ಕಪ್ಪು ಗೆರೆಗಳ ಚಿತ್ತಾರ ಬರೆಯುತ್ತದೆ. ಅಂಥ ತುಂಡು ನೋಟದ ಬಟ್ಟಲಿಗೆ ಸೈ.

● ಬೀಟೆ: ರೂಪಕ್ಕೆ ರಾಜ, ಕಾನೂನಿಗೆ ಕೆಂಡ. 2017ರಿಂದ ಬೀಟೆಯ ಇಡೀ ಕುಲಕ್ಕೇ ಅಂತಾರಾಷ್ಟ್ರೀಯ ವ್ಯಾಪಾರದ ನಿರ್ಬಂಧವಿದೆ. ಹಳೆ ಮನೆ ಕೆಡವಿದಾಗ ಸಿಕ್ಕ ತುಂಡಾದರೂ ಕಾಗದಪತ್ರ ನೋಡಿಕೊಂಡೇ ಮುಟ್ಟಬೇಕು.

● ಕಾಸರಕ, ಚೇರೆ: ಊಟದ ಪಾತ್ರೆಗೆ ಸುತರಾಂ ಕೂಡದು. ಕಾಸರಕನ ಬೀಜದಲ್ಲಿ ಸ್ಟ್ರಿಕ್ನಿನ್ ವಿಷವಿದೆ. ಚೇರೆಯ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಮರದ ಗುರುತು ಖಾತ್ರಿಯಾಗದೆ ಯಾವುದನ್ನೂ ಬಟ್ಟಲು ಮಾಡಬಾರದು.

ಎರಡು ಸಲ ಕಡೆದರೆ ಒಂದು ಬಟ್ಟಲು

ಶೆಡ್ಡಿನ ಮುಂದೆ ಹಸಿ ದಿಮ್ಮಿ ಇಳಿಸಿ ಗಿರಾಕಿ ಮಾತು ತೆಗೆಯುವುದು ಸಾಮಾನ್ಯವಾಗಿ ಹೀಗೆ:

“ಆಚಾರ್ರೇ, ಇದರಲ್ಲಿ ಒಂದು ಬಟ್ಟಲು ಮಾಡಿ ಕೊಡ್ಲಿಕ್ಕೆ ಆದೀತಾ?”

“ಆಗದೆ ಏನು! ಆದ್ರೆ ಈಗಲೇ ಬೇಕಂತ ಹೇಳಿದ್ರೆ ಆಗ್ಲಿಕ್ಕಿಲ್ಲ ಮಾರಾಯ್ರೆ. ಹಸಿ ಉಂಟು. ದೀಪಾವಳಿಗೆ ಮೊದಲೇ ಬಾಯಿ ಬಿಟ್ಟೀತು.”

ಈ ಉತ್ತರದಲ್ಲಿ ಇಡೀ ಶಾಸ್ತ್ರವೇ ಇದೆ. ಹಸಿ ಮರದಲ್ಲಿ ಅದರ ಒಣ ತೂಕದ ಅರ್ಧಕ್ಕೂ ಮಿಕ್ಕಿ ನೀರಿರುವುದುಂಟು. ಮೊದಲು ಇಂಗುವುದು ನಾಳಗಳ ಟೊಳ್ಳಿನಲ್ಲಿ ನಿಂತ ನೀರು. ಅದು ಹೋಗುವವರೆಗೆ ಮರದ ಅಳತೆ ಬದಲಾಗದು. ತೇವಾಂಶ ನೂರಕ್ಕೆ ಸುಮಾರು 30ಕ್ಕೆ ಇಳಿದ ಮೇಲೆ ನಾರಿನ ಗೋಡೆಯೊಳಗಿನ ನೀರು ಹೊರಡುತ್ತದೆ. ಮರ ಕುಗ್ಗಲು ಶುರುವಾಗುವುದು ಆಗ.

ಕುಗ್ಗುವುದೂ ಎಲ್ಲ ಕಡೆ ಒಂದೇ ಸಮನಲ್ಲ. ವರ್ಷದ ಬಳೆಗಳ ಜಾಡಿನಲ್ಲಿ ಮರ ಎಷ್ಟು ಕುಗ್ಗುತ್ತದೋ, ತಿರುಳಿನಿಂದ ತೊಗಟೆಯತ್ತ ಕುಗ್ಗುವುದು ಹೆಚ್ಚುಕಮ್ಮಿ ಅದರ ಅರ್ಧ. ಹಾಗಾಗಿ ಹಸಿಯಲ್ಲಿ ಗುಂಡಗೆ ಕಡೆದ ಬಟ್ಟಲು ಒಣಗಿದಾಗ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ದಪ್ಪವಿದ್ದು ಬೇಗ ಒಣಗಿದರೆ ಹೊರಮೈ ಕುಗ್ಗುತ್ತದೆ, ಒಳಮೈ ಜಗ್ಗುವುದಿಲ್ಲ. ಆ ಜಗ್ಗಾಟದಲ್ಲಿ ಸೀಳು.

ಕಡೆಯುವವರು ಇದಕ್ಕೆ ಕಂಡುಕೊಂಡ ಉಪಾಯ ಎರಡು ಸಲ ಕಡೆಯುವುದು. ದಿಮ್ಮಿಯನ್ನು ಮೊದಲು ತಿರುಳಿನ ಮೂಲಕ ಸೀಳಿ ಎರಡು ಹೋಳು ಮಾಡುತ್ತಾರೆ. ತಿರುಳನ್ನು ಬಿಟ್ಟೇಬಿಡುತ್ತಾರೆ, ಏಕೆಂದರೆ ಸೀಳು ಹುಟ್ಟುವುದೇ ಅಲ್ಲಿ. ಹೋಳನ್ನು ಲೇತಿಗೆ ಬಿಗಿದು ಒರಟಾಗಿ ಬಟ್ಟಲಿನ ಆಕಾರ ತೆಗೆಯುತ್ತಾರೆ. ಗೋಡೆಯ ದಪ್ಪ ಬಟ್ಟಲ ಅಗಲದ ಹತ್ತರಲ್ಲಿ ಒಂದು ಪಾಲು: 10 ಇಂಚಿನ ಬಟ್ಟಲಿಗೆ 1 ಇಂಚು. ನಾರಿನ ತುದಿ ಕಾಣುವಲ್ಲಿ ಮೇಣ ಬಳಿದು, ಗಾಳಿ ಬಡಿಯದ ಮೂಲೆಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಆಗಾಗ ತೂಗಿ ನೋಡುತ್ತಾರೆ. ತೂಕ ಇಳಿಯುವುದು ನಿಂತ ದಿನ ಒಣಗಿತೆಂದು ಲೆಕ್ಕ. ಮೊಟ್ಟೆಯಾಕಾರಕ್ಕೆ ತಿರುಗಿದ ಆ ಒರಟು ಬಟ್ಟಲನ್ನು ಮತ್ತೆ ಲೇತಿಗೇರಿಸಿ, ಈಗ ನಿಜವಾಗಿ ಗುಂಡಗೆ, ತೆಳ್ಳಗೆ ಕಡೆಯುತ್ತಾರೆ.

ನಮ್ಮ ಮಳೆ ಈ ಲೆಕ್ಕಕ್ಕೆ ಇನ್ನೊಂದು ತೊಡಕು ಸೇರಿಸುತ್ತದೆ. ಘಟ್ಟದ ಬುಡದ ಈ ಮೂರು ತಾಲ್ಲೂಕುಗಳಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಆಟಿಯ ಮಳೆಗಾಳಿಯಲ್ಲಿ ಎಷ್ಟು ಕಾಲ ಇಟ್ಟರೂ ಮರದ ತೇವಾಂಶ ನೂರಕ್ಕೆ 18ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಚಳಿಗಾಲದಲ್ಲಿ ಹೀಟರ್ ಉರಿಸುವ ಅಮೆರಿಕದ ಮನೆಯೊಳಗೆ ಅದೇ ಮರ 7-8ಕ್ಕೆ ಇಳಿಯುತ್ತದೆ. ಅಂದರೆ ಸುಳ್ಯದಲ್ಲಿ ಒಣಗಿತೆಂದು ಕಡೆದ ಬಟ್ಟಲು ಚಿಕಾಗೋದ ಮೇಜಿನ ಮೇಲೆ ಮತ್ತೆ ಒಣಗುತ್ತದೆ, ಮತ್ತೆ ಕುಗ್ಗುತ್ತದೆ. ಹೊರದೇಶಕ್ಕೆ ಕಳಿಸುವ ಮಾಲಿಗೆ ಒಣಗೂಡು, ಅಂದರೆ ಬಿಸಿಗಾಳಿಯ ಕೋಣೆ, ಬೇಕೇಬೇಕು. ಊರಿನ ಬಳಕೆಗಾದರೆ ಡಿಸೆಂಬರಿನಿಂದ ಮೇವರೆಗಿನ ಒಣಹವೆ ಸಾಕು.

ನೀಲಿ ಮಿನುಗುವ ಲೋಟ

● ಔಷಧಿ ಅಂಗಡಿ, ಮೇಳಗಳಲ್ಲಿ ಸಿಗುವ ಹೊನ್ನೆ ಮರದ ಲೋಟ ಲೇತಿನಲ್ಲೇ ಕಡೆದದ್ದು. ಹೊನ್ನೆಗೆ ತುಳುವಿನಲ್ಲಿ ಬೇಂಗ. ರಾತ್ರಿ ನೀರು ತುಂಬಿಟ್ಟರೆ ಬೆಳಗ್ಗೆ ಚಹಾದ ಬಣ್ಣ. ಬಿಸಿಲಿಗೆ ಓರೆಯಾಗಿ ಹಿಡಿದರೆ ಅಂಚಿನಲ್ಲಿ ನೀಲಿ ಮಿನುಗು.

● ಇಂಥದೇ ಲೋಟ 16ನೇ ಶತಮಾನದಲ್ಲಿ ಯುರೋಪನ್ನು ಬೆರಗಾಗಿಸಿತ್ತು. ಮೆಕ್ಸಿಕೋದ ಮರವೊಂದರಿಂದ ಮಾಡಿದ ಪಾತ್ರೆಯ ನೀರು ನೀಲಿಯಾಗುತ್ತದೆ ಎಂದು ಸ್ಪೇನಿನ ವೈದ್ಯ ನಿಕೊಲಾಸ್ ಮೊನಾರ್ಡೆಸ್ 1565ರಲ್ಲಿ ಬರೆದ. ಮೂತ್ರಪಿಂಡದ ರೋಗಕ್ಕೆ ಮದ್ದೆಂದು ಅದು ಮಾರಾಟವಾಯಿತು.

● 1664ರಲ್ಲಿ ರಾಬರ್ಟ್ ಬಾಯ್ಲ್ ಅದರ ಮೇಲೆ ಪ್ರಯೋಗ ಮಾಡಿ, ಹುಳಿ ಸೇರಿಸಿದರೆ ನೀಲಿ ಮಾಯವಾಗುವುದನ್ನು ಕಂಡ. ಈ ಬಗೆಯ ಮಿನುಗಿನ, ಅಂದರೆ ಪ್ರತಿದೀಪ್ತಿಯ, ಅಧ್ಯಯನಕ್ಕೆ ನಾಂದಿ ಹಾಡಿದ್ದು ಒಂದು ಮರದ ಲೋಟ! ಆ ಮಿನುಗಿನ ರಾಸಾಯನಿಕ ಗುಟ್ಟು ರಟ್ಟಾದದ್ದು 2009ರಲ್ಲಷ್ಟೇ. ಅದೇ ಮದ್ದಿನ ಲೋಟವೆಂಬ ಹೆಸರಿನಲ್ಲಿ ಫಿಲಿಪ್ಪೀನ್ಸಿನಿಂದ ಬರುತ್ತಿದ್ದ ಲೋಟಗಳು ನಮ್ಮ ಹೊನ್ನೆಯ ಕುಲದ ಮರದವೇ.

● ಮಧುಮೇಹಕ್ಕೆ ಹೊನ್ನೆಯ ಸಾರದ ಪ್ರಯೋಗವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದೆ. ಅದು ಅಳತೆ ಮಾಡಿ ಕೊಟ್ಟ ಸಾರ. ಲೋಟದ ನೀರಿನಲ್ಲಿ ಎಷ್ಟು ಇಳಿಯುತ್ತದೆ ಎಂಬುದಕ್ಕೆ ಅಳತೆ ಇಲ್ಲ. ಲೋಟ ನಂಬಿ ಮಾತ್ರೆ ಬಿಡುವಂತಿಲ್ಲ.

ಹಾಲು ಬತ್ತಿದ ಮರ

ಹಲಸು, ಹೆಬ್ಬಲಸು ಈ ಮಣ್ಣಿನವು. ಆದರೆ ಈಗ ಸುಳ್ಯ-ಕಡಬದ ಗುಡ್ಡಗಳಲ್ಲಿ ಕಣ್ಣು ಹಾಯಿಸಿದಷ್ಟೂ ಕಾಣುವುದು ಅಮೆಜಾನ್ ಮೂಲದ ಒಂದು ಪರದೇಶಿ ಮರ: ರಬ್ಬರ್.

1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದಂತೆ ಶ್ರೀಲಂಕಾದ ಚಹಾ ತೋಟಗಳಿಂದ ತಮಿಳು ಕುಟುಂಬಗಳು ಭಾರತಕ್ಕೆ ಮರಳಿದವು. ಅವರಲ್ಲಿ ಹಲವರಿಗೆ ನೆಲೆ, ಕೆಲಸ ಸಿಕ್ಕಿದ್ದು ಸುಳ್ಯ, ಪುತ್ತೂರು ಭಾಗದ ಸರಕಾರಿ ರಬ್ಬರ್ ತೋಟಗಳಲ್ಲಿ. ಅವನ್ನು ಈಗ ನೋಡಿಕೊಳ್ಳುತ್ತಿರುವುದು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ. ಘಟ್ಟದ ಕೆಳಗೆ ಕೇರಳದಿಂದ ಬಂದ ಕೃಷಿಕರೂ, ಅವರನ್ನು ನೋಡಿ ಊರವರೂ ರಬ್ಬರ್ ನೆಟ್ಟರು.

ಇಪ್ಪತ್ತೈದು-ಮೂವತ್ತು ವರ್ಷ ಟ್ಯಾಪಿಂಗ್ ಆದ ಮೇಲೆ ಹಾಲು ಬತ್ತುತ್ತದೆ. ಹಾಗೆ ಕಡಿದ ಮರ ಲಾರಿಗಟ್ಟಲೆ ಪ್ಲೈವುಡ್ ಕಾರ್ಖಾನೆಗಳಿಗೆ ಹೋಗುತ್ತದೆ. ಕಡೆಯುವವರ ಕಣ್ಣಲ್ಲಿ ರಬ್ಬರ್ ಒಳ್ಳೆಯ ಮರವೇ: ಬೆಳ್ಳಗೆ, ಮಟ್ಟಸ ನಾರು, ಉಳಿಗೆ ಹದ. ಚನ್ನಪಟ್ಟಣದವರೂ ಇದನ್ನು ಬಳಸುತ್ತಾರೆ. ಅದರ ಶತ್ರು ಒಂದೇ, ವಿಳಂಬ. ನಾರಿನಲ್ಲಿ ಪಿಷ್ಟ ಜಾಸ್ತಿ ಇರುವುದರಿಂದ ಕಡಿದ ಕೆಲವೇ ದಿನಗಳಲ್ಲಿ ಬೂಷ್ಟು ನೀಲಿ-ಕಪ್ಪು ಕಲೆ ಹರಡುತ್ತದೆ, ಹುಳ ಹೊಕ್ಕು ಹುಡಿ ಮಾಡುತ್ತದೆ. ಪೀಠೋಪಕರಣಕ್ಕೆ ಬೋರಾಕ್ಸ್ ಉಣಿಸುತ್ತಾರೆ. ತಟ್ಟೆ-ಬಟ್ಟಲಿಗಾದರೆ ಕಡಿದ ವಾರದಲ್ಲೇ ಒರಟಾಗಿ ಕಡೆದು ಒಣಗೂಡಿಗೆ ಹಾಕುವುದೇ ಲೇಸು.

ಹಲಸಿಗೆ ಮೆಲ್ಲಗೆ ಒಣಗಿಸುವ ಶಿಸ್ತು ಬೇಕು, ರಬ್ಬರಿಗೆ ಬೇಗ ಒಣಗಿಸುವ ಶಿಸ್ತು ಬೇಕು. ಎರಡಕ್ಕೂ ಬೇಕಾದ ಶೆಡ್ಡು ಒಂದೇ.

ಅವರು ಹೇಗೆ ಮಾಡಿದರು?

ಉತ್ತರ ಅಮೆರಿಕದ ಮೂಲನಿವಾಸಿಗಳು ಮೇಪಲ್, ಆ್ಯಶ್ ಮರಗಳ ಗಂಟನ್ನು ಕೆಂಡದಿಂದ ಸುಟ್ಟು, ಕೆರೆದು ಬಟ್ಟಲು ಮಾಡುತ್ತಿದ್ದರು. ವಲಸೆ ಬಂದ ಯುರೋಪಿನವರು ಕಾಲಲ್ಲಿ ತುಳಿಯುವ ಲೇತು ತಂದರು. ಅಗ್ಗದ ಲೋಹ, ಪಿಂಗಾಣಿ ಬಂದಾಗ ಅಲ್ಲಿಯೂ ಮರದ ತಟ್ಟೆ ಮೂಲೆ ಸೇರಿತು. ಅಲ್ಲಿಯವರೆಗೆ ಅವರ ಕಥೆ ನಮ್ಮ ಮರಿಗೆಯ ಕಥೆಯೇ.

ಬೇರೆಯಾದದ್ದು ಆಮೇಲೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಯುದ್ಧಕ್ಕೆ ಹೋಗಲೊಲ್ಲೆ ಎಂದವರನ್ನು ಇರಿಸಿದ್ದ ಶಿಬಿರದಲ್ಲಿ ಬಾಬ್ ಸ್ಟಾಕ್ಸ್‌ಡೇಲ್ ಎಂಬವರು ಬಟ್ಟಲು ಕಡೆಯಲು ಹಿಡಿದರು, ಬದುಕಿಡೀ ಅದನ್ನೇ ಮಾಡಿದರು. ಜಾರ್ಜಿಯಾದ ವಾಸ್ತುಶಿಲ್ಪಿ ಎಡ್ ಮೌಲ್‌ತ್ರಾಪ್ ಅಲ್ಲಿನದೇ ಟ್ಯೂಲಿಪ್ ಮರದ ಭಾರೀ ಬಟ್ಟಲುಗಳನ್ನು ಕಡೆದು, ಸೀಳದಂತೆ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣದಲ್ಲಿ ನೆನೆಸಿಟ್ಟರು. 1986ರಲ್ಲಿ ಅಮೆರಿಕದ ಮರಕಡೆಯುವವರ ಸಂಘವೇ ಹುಟ್ಟಿತು. ನಗರದ ಬೀದಿಯಲ್ಲಿ ಬಿದ್ದ ಮೇಪಲ್, ಹಿತ್ತಲಲ್ಲಿ ಕಡಿದ ಚೆರ್ರಿ, ಹೊಲದ ಬದುವಿನ ಕಪ್ಪು ವಾಲ್‌ನಟ್ ಅವರ ಕಚ್ಚಾಮಾಲು. ಬಟ್ಟಲಿನ ಅಡಿಯಲ್ಲಿ ಮರದ ಹೆಸರು, ಮಾಡಿದವರ ಹೆಸರು, ವರ್ಷ ಕೊರೆದಿರುತ್ತಾರೆ. ಗಿರಾಕಿ ದುಡ್ಡು ಕೊಡುವುದು ಆ ವಂಶಾವಳಿಗೂ ಸೇರಿ.

ಮರದ ಪಾತ್ರೆ ಶುಚಿಯೇ ಎಂಬ ಅನುಮಾನಕ್ಕೂ ಅಲ್ಲೇ ಪರೀಕ್ಷೆ ನಡೆದಿದೆ. 1990ರ ದಶಕದಲ್ಲಿ ಡೀನ್ ಕ್ಲೈವರ್ ಎಂಬ ವಿಜ್ಞಾನಿ ಮರದ ಮತ್ತು ಪ್ಲಾಸ್ಟಿಕ್ಕಿನ ಹೆಚ್ಚುವ ಮಣೆಗಳ ಮೇಲೆ ರೋಗಾಣು ಬಿಟ್ಟು ನೋಡಿದರು. ಮರ ಅವನ್ನು ಒಳಗೆಳೆದುಕೊಂಡಿತು, ಅವು ಅಲ್ಲೇ ಸಾಯುತ್ತ ಬಂದವು. ಚಾಕುವಿನ ಗೀರು ಬಿದ್ದ ಪ್ಲಾಸ್ಟಿಕ್ಕಿನಲ್ಲಿ ಬದುಕಿ ಉಳಿದವು.

ಬಟ್ಟಲು ಬಾಳಬೇಕಾದರೆ

● ಉಂಡ ಕೂಡಲೇ ತೊಳೆದು, ಒರಸಿ, ನೆರಳಲ್ಲಿ ಕವುಚಿಡಿ. ನೀರಲ್ಲಿ ನೆನೆಹಾಕಬೇಡಿ, ಬಿಸಿಲಿಗಿಡಬೇಡಿ.

● ಮೈಕ್ರೊವೇವ್, ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಲೇಬೇಡಿ.

● ಅಡುಗೆಯ ಎಣ್ಣೆ ಹಚ್ಚಿದರೆ ಕ್ರಮೇಣ ಕಮಟು ವಾಸನೆ. ಅಗಸೆ ಎಣ್ಣೆಯ ತೆಳು ಲೇಪ ಗಟ್ಟಿಯಾಗಿ ಮೈಗೆ ಹತ್ತುತ್ತದೆ. ಮೇಲೆ ಜೇನುಮೇಣ ತಿಕ್ಕಿದರೆ ಹೊಳಪು.

● ಪೀಠೋಪಕರಣಕ್ಕೆ ಹೊಡೆಯುವ ವಾರ್ನಿಷ್ ಊಟದ ಪಾತ್ರೆಗೆ ಬೇಡ.

ಕಾಯ್ದೆ, ಕಸುಬು, ಗಿರಾಕಿ

ಹಾಗಾದರೆ ಇಲ್ಲಿ ಏನಾಗಬೇಕು? ಮೊದಲು ಕಾನೂನಿನ ಮಾತು. ಸ್ವಂತ ಜಾಗದ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ರಬ್ಬರ್, ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ. ಉಳಿದವಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ರಸ್ತೆ ಬದಿಯ ಮರ ಸರಕಾರದ್ದು. ಬಿದ್ದಿದೆ ಎಂದು ಹೊತ್ತೊಯ್ಯುವಂತಿಲ್ಲ. ಹಾಗೆ ಬಿದ್ದ ಮರಗಳ ಬುಡ, ಕವಲಿನ ತುಂಡುಗಳನ್ನು ಸೌದೆಯ ರಾಶಿಯಿಂದ ಬೇರ್ಪಡಿಸಿ, ಕಸುಬುದಾರರಿಗೆ ಸಣ್ಣ ಸಣ್ಣ ಲಾಟುಗಳಲ್ಲಿ ಹರಾಜು ಹಾಕಿದರೆ ಸರಕಾರಕ್ಕೆ ನಷ್ಟವಿಲ್ಲ. ಸೌದೆಯ ದರಕ್ಕಿಂತ ಮೇಲೇ ಸಿಕ್ಕೀತು.

ಎರಡನೆಯದು ಒಣಗೂಡು. ಒಬ್ಬ ಆಚಾರಿ ತನ್ನ ದುಡ್ಡಿನಲ್ಲಿ ಕಟ್ಟಿಸುವ ವಸ್ತುವಲ್ಲ ಅದು. ವರ್ಷ ಕಳೆದು ಮಾರುವ ಮಾಲಿಗೆ ಇವತ್ತು ಬಂಡವಾಳ ಹೂಡು ಎಂದರೆ ದಿನಗೂಲಿಯ ಕಸುಬುದಾರ ಎಲ್ಲಿಂದ ತಂದಾನು? ಮಂಚದ ಕಾಲು ಇವತ್ತು ಕಡೆದರೆ ಸಂಜೆಗೆ ದುಡ್ಡು. ಬಟ್ಟಲು ಇಲ್ಲಿ ಬೆಳೆಯದೆ ಉಳಿದ ನಿಜವಾದ ಕಾರಣ ಇದು. ಕಲೆಯ ಕೊರತೆ ಎಂದು ಹೇಳಿದವರು ಲೆಕ್ಕಪುಸ್ತಕ ನೋಡಿಲ್ಲ.

ಈ ಮಣ್ಣಿಗೆ ಅದಕ್ಕೂ ಮದ್ದು ಗೊತ್ತಿದೆ. ಅಡಿಕೆ ಬೆಳೆಗಾರರು ದರ ಕುಸಿದಾಗ ಒಟ್ಟಾಗಿ 1973ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. ಕೊಕ್ಕೊ ಕೊಳ್ಳುವವರಿಲ್ಲ ಎಂದಾದಾಗ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆದರು. ಪ್ರತಿ ಊರಲ್ಲೂ ಸಹಕಾರಿ ಸಂಘವಿದೆ. ಅಡಿಕೆ ಅಡವಿಟ್ಟು ಸಾಲ ಕೊಡುವ ಸಂಘಕ್ಕೆ, ಒಣಗುತ್ತಿರುವ ಒರಟು ಬಟ್ಟಲುಗಳನ್ನು ದಾಸ್ತಾನೆಂದು ಪರಿಗಣಿಸಿ ಮುಂಗಡ ಕೊಡುವುದು ಆಗದ ಮಾತಲ್ಲ. ಹತ್ತು ಆಚಾರಿಗಳಿಗೆ ಒಂದು ಒಣಗೂಡು, ತುದಿಗೆ ಬಳಿಯಲು ಮೇಣ, ಒಂದು ತೇವಾಂಶ ಮಾಪಕ. ತಾಂತ್ರಿಕ ಸಲಹೆಗೆ ಬೆಂಗಳೂರು ಮಲ್ಲೇಶ್ವರದಲ್ಲಿ ಕೇಂದ್ರ ಸರಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಮರ ಒಣಗಿಸುವುದು, ಕೆಡದಂತೆ ಕಾಪಾಡುವುದು ಅದರ ದಿನನಿತ್ಯದ ಕೆಲಸ.

ಮೂರನೆಯದು ಗಿರಾಕಿ. ಹಾಳೆತಟ್ಟೆ ಕಲಿಸಿದ ಪಾಠ ಇಲ್ಲಿ ನೆನಪಿರಬೇಕು. ಸಾಗರ ದಾಟಿದ ಗಿರಾಕಿ ಒಂದು ಸುತ್ತೋಲೆಗೆ ಮಾಯವಾಗಬಹುದು. ಸುಬ್ರಹ್ಮಣ್ಯಕ್ಕೆ ದಿನವೂ ಬರುವ ಯಾತ್ರಿಕರು, ಘಟ್ಟದ ತಪ್ಪಲಿನ ಹೋಂಸ್ಟೇಗಳು, ಬೆಂಗಳೂರು-ಮಂಗಳೂರಿನಲ್ಲಿ ನೆಲೆಸಿದ ನಮ್ಮವರದೇ ಮಕ್ಕಳು ಮೊದಲ ಮಾರುಕಟ್ಟೆ. ಬಟ್ಟಲಿನ ಅಡಿಯಲ್ಲಿ “ಹೆಬ್ಬಲಸು, ಕಡಬ” ಎಂದು ಕೊರೆದಿದ್ದರೆ ಅದನ್ನು ಕೊಳ್ಳುವ ಮನಸ್ಸು ಬಾರದೆ ಇರದು.

ಹಾಗೆ ನೋಡಿದರೆ ಈ ಕಸುಬು ಎದ್ದು ನಿಲ್ಲಲು ಕಾರ್ಖಾನೆ ಬೇಡ, ರಫ್ತು ಪರವಾನಗಿ ಬೇಡ. ಪುತ್ತೂರು, ಸುಳ್ಯ, ಕಡಬದಲ್ಲಿ ವರ್ಷಕ್ಕೆ ನಡೆಯುವ ಗೃಹಪ್ರವೇಶ, ಮದುವೆ, ಉಪನಯನಗಳಲ್ಲಿ ಹತ್ತನೇ ಸ್ಟೀಲ್ ಡಬ್ಬಿ ಕೊಡುವ ಬದಲು ಕೆಲವರಾದರೂ ಊರಿನ ಮರದ ಬಟ್ಟಲು ಕೊಡುವಂತಾದರೆ ಆಚಾರಿಯ ಶೆಡ್ಡಿಗೆ ಎರಡನೇ ಲೇತು ಬರುತ್ತದೆ. ಮೂರನೆಯದನ್ನು ಅವನ ಮಗಳೋ ಮಗನೋ ತಂದುಕೊಂಡಾರು.